ಒರ್ಲಾಂಡೋದಲ್ಲಿ ಒಲೆ ಇರುವ ರೂಮು: ಹಾಸನ, ಚಿಕ್ಕಮಗಳೂರಿನಿಂದ ಹೊರಡುವ ಮನೆಮಂದಿಗೆ

ಮಗನೋ ಮಗಳೋ ಅಮೆರಿಕದಲ್ಲಿದ್ದರೆ, ನೋಡಲು ಹೋದ ಅಪ್ಪ-ಅಮ್ಮನನ್ನು ಒಂದು ವಾರ ಫ್ಲೋರಿಡಾದ ಒರ್ಲಾಂಡೋದಲ್ಲಿರುವ ಡಿಸ್ನಿ ವರ್ಲ್ಡ್‌ಗೆ ಕರೆದೊಯ್ಯುವುದು ಈಗ ನಮ್ಮ ಹಾಸನ, ಚಿಕ್ಕಮಗಳೂರಿನ ಮನೆಗಳಲ್ಲೂ ವಾಡಿಕೆಯಾಗಿದೆ. ವಿಮಾನ, ಪಾರ್ಕಿನ ಟಿಕೆಟ್ಟು ಇವನ್ನೆಲ್ಲ ಮಕ್ಕಳು ಸರಿಯಾಗಿಯೇ ಮಾಡುತ್ತಾರೆ. ಎಡವುವುದು ರೂಮಿನ ವಿಚಾರದಲ್ಲಿ. ಎರಡು ಮಂಚದ ಹೋಟೆಲ್ ರೂಮು ಹಿಡಿದರೆ ಮೊಮ್ಮಕ್ಕಳ ಗಲಾಟೆಯಲ್ಲಿ ಹಿರಿಯರಿಗೆ ಮಧ್ಯಾಹ್ನ ಒರಗಲು ಜಾಗವಿಲ್ಲ. ಬ್ರೆಡ್ಡು, ಪಿಜ್ಜಾ, ಆಲೂ ಫ್ರೈ ತಿಂದು ಮೂರನೇ ದಿನಕ್ಕೆ ಹೊಟ್ಟೆ ಮಾತಾಡತೊಡಗುತ್ತದೆ. ಇದಕ್ಕೆ ಅಲ್ಲೇ, ರೆಸಾರ್ಟಿನ ಒಳಗೇ ಒಂದು ದಾರಿಯಿದೆ. ಟೈಮ್‌ಶೇರ್ ರೂಮುಗಳು, ಅಂದರೆ ಹಲವರು ಪಾಲು ಕೊಂಡು ಸದಸ್ಯರಾಗಿ, ವರ್ಷದಲ್ಲಿ ತಮ್ಮ ಪಾಲಿನಷ್ಟು ದಿನ ಬಳಸುವ ರೂಮುಗಳು. ಅಡುಗೆಮನೆ, ಬಟ್ಟೆ ಒಗೆಯುವ ಯಂತ್ರ, ಬಾಗಿಲು ಹಾಕಿಕೊಳ್ಳಬಹುದಾದ ಮಲಗುವ ಕೋಣೆ, ಎಲ್ಲ ಇರುವಂಥವು. ಸದಸ್ಯರಾಗದೆಯೇ ಇವುಗಳಲ್ಲಿ ಇರಬಹುದು, ಅದೂ ಕಂಪನಿಯ ನೇರ ದರಕ್ಕಿಂತ ಸಾಕಷ್ಟು ಕಡಿಮೆಗೆ.

ಪಾಯಿಂಟಿನ ಲೆಕ್ಕ

ಡಿಸ್ನಿಯ ಟೈಮ್‌ಶೇರ್ ವ್ಯವಸ್ಥೆಯಾದ ಡಿಸ್ನಿ ವೆಕೇಷನ್ ಕ್ಲಬ್ ಶುರುವಾದದ್ದು 1991ರಲ್ಲಿ. ಸದಸ್ಯನಾದವನಿಗೆ ಪ್ರತಿ ವರ್ಷ ಇಷ್ಟು ಪಾಯಿಂಟು ಎಂದು ಬರುತ್ತದೆ. ಯಾವ ರೂಮು, ಯಾವ ತಿಂಗಳು, ವಾರದ ಯಾವ ದಿನ ಎಂಬುದರ ಮೇಲೆ ಪಾಯಿಂಟು ಕಳೆಯುತ್ತಾ ಹೋಗುತ್ತದೆ. ಹೇಮಾವತಿ ನಾಲೆಯ ನೀರಿನ ಸರದಿ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ: ನನ್ನ ಸರದಿ ನನಗೆ ಬೇಡವಾದ ಸಲ ಪಕ್ಕದ ಹೊಲದವನಿಗೆ ಬಿಟ್ಟುಕೊಡುತ್ತೇನೆ. ಸದಸ್ಯರೂ ಹಾಗೆಯೇ ಆ ವರ್ಷ ತಮಗೆ ಬೇಡವಾದ ಪಾಯಿಂಟನ್ನು ಬಾಡಿಗೆಗೆ ಕೊಡುತ್ತಾರೆ. ಅಪರೂಪಕ್ಕೊಮ್ಮೆ ಹೀಗೆ ಕೊಡುವುದಕ್ಕೆ ಕಂಪನಿಯ ಅಡ್ಡಿಯಿಲ್ಲ, ಅದನ್ನೇ ವ್ಯಾಪಾರ ಮಾಡಿಕೊಳ್ಳುವುದಕ್ಕೆ ಅಡ್ಡಿಯಿದೆ.

ಬಾಡಿಗೆ ಪಾಯಿಂಟಿಗೆ 20 ಡಾಲರಿನ ಆಸುಪಾಸು ಎಂದಿಟ್ಟುಕೊಳ್ಳಿ. ರಾತ್ರಿಗೆ 15 ಪಾಯಿಂಟು ಬೇಡುವ ಸ್ಟುಡಿಯೋ ಹಿಡಿದರೆ ಐದು ರಾತ್ರಿಗೆ 75 ಪಾಯಿಂಟು, ಅಂದರೆ 1,500 ಡಾಲರು. ಅದೇ ರೆಸಾರ್ಟಿನ ಒಂದು ಬೆಡ್‌ರೂಮಿನ ಮನೆಗೆ ಹೆಚ್ಚುಕಡಿಮೆ ಇದರ ಎರಡು ಪಟ್ಟು. ಪಾಯಿಂಟಿನ ಪಟ್ಟಿ ವರ್ಷಕ್ಕೊಮ್ಮೆ ಪ್ರಕಟವಾಗುತ್ತದೆ, ಯಾರು ಬೇಕಾದರೂ ನೋಡಬಹುದು. ನೋಡುವಾಗ ಒಂದನ್ನು ಗಮನಿಸಿ: ಶುಕ್ರವಾರ, ಶನಿವಾರದ ರಾತ್ರಿಗಳಿಗೆ ಪಾಯಿಂಟು ಜಾಸ್ತಿ. ಭಾನುವಾರ ಸಂಜೆ ಸೇರಿ ಶುಕ್ರವಾರ ಬೆಳಿಗ್ಗೆ ಬಿಟ್ಟರೆ ಐದು ರಾತ್ರಿಯೂ ಅಗ್ಗದವೇ.

ಸದಸ್ಯತ್ವವನ್ನೇ ಕೊಂಡುಬಿಡೋಣವೇ ಎಂಬ ಆಸೆ ಅಲ್ಲಿಗೆ ಹೋದ ಮೇಲೆ ಹುಟ್ಟುತ್ತದೆ, ಹುಟ್ಟಿಸುವವರೂ ಇರುತ್ತಾರೆ. ಮೂರು-ನಾಲ್ಕು ವರ್ಷಕ್ಕೊಮ್ಮೆ ಹೋಗುವ ಮನೆಗೆ ಖಂಡಿತ ಬೇಡ. ಹೋದರೂ ಹೋಗದಿದ್ದರೂ ವಾರ್ಷಿಕ ನಿರ್ವಹಣಾ ಶುಲ್ಕ ಕಟ್ಟುತ್ತಲೇ ಇರಬೇಕು, ಅದು ಏರುತ್ತಲೂ ಹೋಗುತ್ತದೆ. ಜೊತೆಗೆ ಇದು ಶಾಶ್ವತ ಆಸ್ತಿಯೂ ಅಲ್ಲ. ಹಳೆಯ ಕೆಲವು ರೆಸಾರ್ಟುಗಳ ಕರಾರು 2042ಕ್ಕೆ ಮುಗಿಯುತ್ತದೆ. ಒರ್ಲಾಂಡೋದ ರಸ್ತೆ ಬದಿಯಲ್ಲಿ ಅರ್ಧ ಬೆಲೆಗೆ ಪಾರ್ಕಿನ ಟಿಕೆಟ್ಟು ಕೊಡುತ್ತೇವೆ, ಬೆಳಗಿನ ತಿಂಡಿಗೆ ಬನ್ನಿ ಎಂದು ಕರೆಯುವವರು ಬೇರೆ ಬೇರೆ ಟೈಮ್‌ಶೇರ್ ಕಂಪನಿಗಳ ಮಾರಾಟಗಾರರು. ತಿಂಡಿಯ ಹಿಂದೆ ಗಂಟೆಗಟ್ಟಲೆ ಮಾತು ಬರುತ್ತದೆ. ಯಾರಾದರೂ ಅಲ್ಲಿ ಸಹಿ ಹಾಕಿಬಿಟ್ಟಿದ್ದರೆ ಕಂಗಾಲಾಗಬೇಕಿಲ್ಲ: ಫ್ಲೋರಿಡಾ ಕಾನೂನಿನ ಪ್ರಕಾರ ಸಹಿ ಹಾಕಿದ 10 ದಿನದೊಳಗೆ ಲಿಖಿತವಾಗಿ ರದ್ದು ಮಾಡಬಹುದು.

ಯಾವಾಗ ಹೋಗುವುದು

ತೋಟ ಇರುವವರಿಗೆ ಕ್ಯಾಲೆಂಡರನ್ನು ಗಿಡವೇ ಬರೆದಿಟ್ಟಿದೆ. ನವೆಂಬರಿಗೆ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೊಬಸ್ಟಾ, ಅದು ಮುಗಿಯುವಷ್ಟರಲ್ಲಿ ಹೂಮಳೆಯ ಚಿಂತೆ. ಬಿಡುವು ಸಿಗುವುದು ಮಳೆ ಇಳಿದ ಮೇಲೆ, ಕೊಯ್ಲಿಗೆ ಮುಂಚೆ. ಹಾಸನದ ಕಡೆ ಮುಂಗಾರಿನ ಆಲೂಗೆಡ್ಡೆ ಕಿತ್ತವರಿಗೂ ಅದೇ ಹೊತ್ತು. ಒಳ್ಳೆಯ ಕಾಕತಾಳೀಯವೆಂದರೆ ಪಾಯಿಂಟಿನ ಪಟ್ಟಿಯಲ್ಲಿ ಸೆಪ್ಟೆಂಬರ್ ಅತಿ ಕಡಿಮೆಯ ತಿಂಗಳುಗಳಲ್ಲೊಂದು. ಅಲ್ಲಿ ಶಾಲೆ ಶುರುವಾಗಿರುತ್ತದೆ, ಪಾರ್ಕಿನಲ್ಲಿ ಸಾಲು ಕರಗಿರುತ್ತದೆ.

ಆದರೆ ಅಗ್ಗಕ್ಕೊಂದು ಕಾರಣ ಇದ್ದೇ ಇರುತ್ತದೆ. ಫ್ಲೋರಿಡಾದ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30, ಅದರ ನೆತ್ತಿ ಸೆಪ್ಟೆಂಬರಿನ ನಡುಭಾಗ. ಸೆಖೆಯೂ ಅಷ್ಟೇ. ಮಲೆನಾಡಿನ ತಂಪಿನಿಂದ ಹೋದವರಿಗೆ 32-33 ಡಿಗ್ರಿಯ ಬೆವರು ಸುರಿಯುವ ಹವೆ, ಮಧ್ಯಾಹ್ನವಾದರೆ ಗುಡುಗು-ಮಿಂಚು. ಮಳೆ ನಮಗೆ ಹೊಸದಲ್ಲ ಎನ್ನಬೇಡಿ. ಮಿಂಚು ಬಂದರೆ ಬಯಲಿನ ಆಟಗಳನ್ನೂ ಈಜುಕೊಳವನ್ನೂ ನಿಲ್ಲಿಸಿಬಿಡುತ್ತಾರೆ. ಹಾಗಾಗಿ ಬೆಳಿಗ್ಗೆ ಬೇಗ ಹೋಗಿ, ಊಟಕ್ಕೆ ರೂಮಿಗೆ ಬಂದು, ಒಂದು ನಿದ್ದೆ ತೆಗೆದು ಸಂಜೆ ಮತ್ತೆ ಹೊರಡಬೇಕು. ರೂಮು ಪಾರ್ಕಿಗೆ ಹತ್ತಿರವಿರಬೇಕು ಎನ್ನುವುದು ಇದಕ್ಕೇ. ರೆಸಾರ್ಟಿನಲ್ಲಿ ಇಳಿದವರಿಗೆ ಪಾರ್ಕಿನ ಬಾಗಿಲು ಅರ್ಧ ಗಂಟೆ ಮುಂಚೆ ತೆರೆಯುತ್ತದೆ. ಕೋಳಿ ಕೂಗುವ ಹೊತ್ತಿಗೆ ಏಳುವ ನಮ್ಮ ಹಿರಿಯರಿಗೆ ಇದು ಹೇಳಿ ಮಾಡಿಸಿದ ಸೌಲಭ್ಯ.

ಬುಕಿಂಗಿನ ಗಡುವು ಎರಡು. ಸದಸ್ಯನು ಕೊಂಡ ರೆಸಾರ್ಟು ಅವನ 'ಹೋಮ್'. ಅಲ್ಲಿ 11 ತಿಂಗಳು ಮೊದಲೇ ಬುಕ್ ಮಾಡಬಹುದು, ಉಳಿದ ರೆಸಾರ್ಟುಗಳಲ್ಲಿ 7 ತಿಂಗಳು ಮೊದಲು. ಬೇಡಿಕೆಯ ರೂಮುಗಳು 7 ತಿಂಗಳ ಬಾಗಿಲು ತೆರೆಯುವ ಮೊದಲೇ ಖಾಲಿಯಾಗಿರುತ್ತವೆ. 2027ರ ಸೆಪ್ಟೆಂಬರ್ 10ಕ್ಕೆ ಹೋಗುವುದಾದರೆ 2026ರ ಅಕ್ಟೋಬರ್ 10ರಂದು ಅಲ್ಲಿನ ಬೆಳಿಗ್ಗೆ 8ಕ್ಕೆ ಬಾಗಿಲು ತೆರೆಯುತ್ತದೆ, ನಮ್ಮಲ್ಲಿ ಆಗ ಸಂಜೆ ಐದೂವರೆ. ಅದಕ್ಕೆ ಎರಡು-ಮೂರು ವಾರ ಮುಂಚೆಯೇ ಪಾಯಿಂಟು ಕೊಡುವವರನ್ನು ಗೊತ್ತು ಮಾಡಿಕೊಂಡಿರಬೇಕು. ವೀಸಾ ಸಿಗುವ ಮೊದಲೇ ದುಡ್ಡು ಕಟ್ಟಬೇಡಿ. ಏಕೆಂಬುದು ಮುಂದೆ ಬರುತ್ತದೆ.

ರೂಮು ಆರಿಸುವುದು

ಸ್ಟುಡಿಯೋ ಎಂದರೆ ಒಂದೇ ಕೋಣೆ. ಮಂಚ, ಹಾಸಿಗೆಯಾಗುವ ಸೋಫಾ ಅಥವಾ ಗೋಡೆಯಿಂದ ಕೆಳಗಿಳಿಸುವ ಮಂಚ, ಒಂದು ಸಿಂಕು, ಮೈಕ್ರೋವೇವ್, ಚಿಕ್ಕ ಫ್ರಿಜ್, ಟೋಸ್ಟರ್, ಕಾಫಿ ಯಂತ್ರ. ಒಲೆ ಇರುವುದಿಲ್ಲ. ಇಬ್ಬರೇ ಹೋಗುವುದಾದರೆ, ಇಲ್ಲವೇ ಪುಟ್ಟ ಮಗುವಿರುವ ಸಂಸಾರಕ್ಕೆ ಸಾಕು. ಮೂರು ತಲೆಮಾರು ಒಟ್ಟಿಗೆ ಹೋಗುವಾಗ ಉಳಿತಾಯವೆಂದು ಸ್ಟುಡಿಯೋಗೆ ಕೈಹಾಕಿದರೆ ಸೋಫಾದ ಮೇಲೆ ಮಲಗಿದ ಅತ್ತೆಯ ಸೊಂಟ ಎರಡೇ ರಾತ್ರಿಗೆ ಆ ಉಳಿತಾಯವನ್ನು ತಿಂದುಹಾಕುತ್ತದೆ.

ಒಂದು ಬೆಡ್‌ರೂಮಿನದರಲ್ಲಿ ಪೂರ್ತಿ ಅಡುಗೆಮನೆ, ದೊಡ್ಡ ಮಂಚವಿರುವ ಪ್ರತ್ಯೇಕ ಕೋಣೆ, ಬಟ್ಟೆ ಒಗೆದು ಒಣಗಿಸುವ ಯಂತ್ರ ಇರುತ್ತವೆ. ನಾಲ್ಕೈದು ಜನಕ್ಕೆ. ಹಿರಿಯರಿಗೆ ಕೋಣೆ ಬಿಟ್ಟು ಮಕ್ಕಳು ಹಾಲಿನಲ್ಲಿ ಮಲಗಿಕೊಳ್ಳುವುದು ನಮ್ಮ ಸಲಹೆ. ಎರಡು ಬೆಡ್‌ರೂಮಿನದು ಎಂಟೊಂಬತ್ತು ಜನಕ್ಕೆ. ಬೀಗರೂ ಜೊತೆಗಿದ್ದರೆ ಅದೇ ಸರಿ. ಮೂರು ವರ್ಷದೊಳಗಿನ ಮಗು ತೊಟ್ಟಿಲಲ್ಲಿ ಮಲಗುವುದಾದರೆ ಜನರ ಲೆಕ್ಕದಿಂದ ಹೊರಗೆ. ಉಳಿದವರ ಲೆಕ್ಕವನ್ನು ಸತ್ಯವಾಗಿ ಹೇಳಿ. 'ಒಬ್ಬರು ಜಾಸ್ತಿ, ನೆಲದ ಮೇಲೆ ಚಾಪೆ ಹಾಕಿಕೊಳ್ಳುತ್ತಾರೆ' ಎನ್ನುವುದು ಅಲ್ಲಿ ನಡೆಯುವುದಿಲ್ಲ.

ರೆಸಾರ್ಟಿನ ಆಯ್ಕೆಯಲ್ಲಿ ನಡಿಗೆಯನ್ನೇ ಮೊದಲು ನೋಡಿ. ಪಾರ್ಕಿನ ಒಳಗೇ ದಿನಕ್ಕೆ 10 ಕಿ.ಮೀ. ದಾಟುವುದು ಮಾಮೂಲು, ಅದರ ಮೇಲೆ ಬಸ್ಸಿಗೆ ಕಾಯುವುದು, ಲಿಫ್ಟ್ ಹುಡುಕುವುದು ಬೇಡ. ಬೇ ಲೇಕ್ ಟವರ್‌ನಿಂದ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿಗೆ ನಡೆದೇ ಹೋಗಬಹುದು. ಬೀಚ್ ಕ್ಲಬ್, ಬೋರ್ಡ್‌ವಾಕ್ ಎರಡರಿಂದಲೂ ಎಪ್ಕಾಟ್ ಪಾರ್ಕಿಗೆ ಕಾಲ್ನಡಿಗೆಯಲ್ಲೇ. ಪಾಲಿನೇಷಿಯನ್, ಗ್ರ್ಯಾಂಡ್ ಫ್ಲೋರಿಡಿಯನ್ ಮಾನೊರೈಲಿನ ದಾರಿಯಲ್ಲಿವೆ. ರಿವೇರಾದಿಂದ ತೂಗುಡಬ್ಬಿಯಲ್ಲಿ (ರೋಪ್‌ವೇ) ಪಾರ್ಕಿಗೆ ಹೋಗಬಹುದು. ಓಲ್ಡ್ ಕೀ ವೆಸ್ಟ್ ಎಲ್ಲಕ್ಕಿಂತ ಹಳೆಯದು, ಮನೆಗಳು ವಿಶಾಲ. ಆದರೆ ಅಲ್ಲಿನ ಬಹುತೇಕ ಕಟ್ಟಡಗಳಿಗೆ ಲಿಫ್ಟ್ ಇಲ್ಲ, ಮಂಡಿನೋವಿನವರಿಗೆ ಇದೊಂದೇ ಕಾರಣ ಸಾಕು ಬೇಡವೆನ್ನಲು.

ಕಿಟಕಿಯ ನೋಟಕ್ಕೆ ಹೆಚ್ಚು ಪಾಯಿಂಟು ಹಾಕಬೇಡಿ. ಕೆರೆ, ಹಸಿರು ನೋಡಲು ಮೂಡಿಗೆರೆಯಿಂದ ಒರ್ಲಾಂಡೋವರೆಗೆ ಹೋಗಬೇಕಿಲ್ಲ. ಒಂದು ಕಡೆ ಮಾತ್ರ ಈ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇವೆ: ಅನಿಮಲ್ ಕಿಂಗ್‌ಡಮ್ ಲಾಡ್ಜ್. ಸವಾನಾ (ಹುಲ್ಲುಗಾವಲು) ನೋಟದ ರೂಮಿನ ಬಾಲ್ಕನಿಯ ಎದುರಿಗೇ ಜಿರಾಫೆ, ಜೀಬ್ರಾ ಮೇಯುತ್ತಿರುತ್ತವೆ. ಅಜ್ಜ-ಅಜ್ಜಿ ಪಾರ್ಕಿಗೆ ಹೋಗದ ದಿನವೂ ಬೇಸರವಾಗುವುದಿಲ್ಲ. ಅದರ ಕಿಡಾನಿ ಭಾಗದ ಒಂದು ಬೆಡ್‌ರೂಮಿನ ಮನೆಗೆ ಎರಡು ಬಚ್ಚಲುಮನೆ, ಕೆಳಗಿನ ಸನಾ ಹೋಟೆಲಿನಲ್ಲಿ ನಾನ್ ಮತ್ತು ಬಗೆಬಗೆಯ ಚಟ್ನಿ. ಕೊರತೆಯೆಂದರೆ ಉಳಿದ ಪಾರ್ಕುಗಳಿಂದ ದೂರ, ಎಲ್ಲಕ್ಕೂ ಬಸ್ಸೇ ಗತಿ.

ಕರಾರು ಮತ್ತು ದುಡ್ಡು

ಪಾಯಿಂಟು ಸಿಗುವುದು ಎರಡು ರೀತಿ. ದಲ್ಲಾಳಿ ಸಂಸ್ಥೆಯ ಮೂಲಕವಾದರೆ ಪಾಯಿಂಟಿಗೆ ಒಂದೆರಡು ಡಾಲರು ಜಾಸ್ತಿ, ತಲೆನೋವು ಕಮ್ಮಿ. ಸದಸ್ಯರಿಂದ ನೇರ ಪಡೆದರೆ ಅಗ್ಗ, ಆದರೆ ಕಣ್ಣು ತೆರೆದಿರಬೇಕು. ಮೊದಲ ಸಲದವರಿಗೆ ದಲ್ಲಾಳಿಯೇ ವಾಸಿ.

ನೇರ ವ್ಯವಹಾರವಾದರೆ ಹೀಗೆ ಮಾಡಿ. ಸದಸ್ಯರ ಪೂರ್ತಿ ಹೆಸರು ಕೇಳಿ. ಫ್ಲೋರಿಡಾದ ಈ ರೆಸಾರ್ಟುಗಳ ಕ್ರಯಪತ್ರಗಳು ಆರೆಂಜ್ ಕೌಂಟಿಯಲ್ಲಿ (ಅಲ್ಲಿನ ಜಿಲ್ಲೆ) ನೋಂದಣಿಯಾಗಿರುತ್ತವೆ, ನಮ್ಮ ಪಹಣಿ ತೆಗೆದು ನೋಡಿದ ಹಾಗೆ ಆನ್‌ಲೈನಿನಲ್ಲಿ ಹೆಸರು ಹಾಕಿ ನೋಡಬಹುದು. ಹೆಸರು ಸಿಕ್ಕಿತೋ, ಕರಾರು ಬರೆಸಿ: ದಿನಾಂಕ, ರೂಮಿನ ಬಗೆ, ಪಾಯಿಂಟು, ದರ, ರದ್ದಾದರೆ ಏನು. ಬುಕ್ ಆದ ಮೇಲೆ ಬರುವ ದೃಢೀಕರಣ ಸಂಖ್ಯೆಯನ್ನು ಡಿಸ್ನಿಯ ಆ್ಯಪಿನಲ್ಲಿ ಹಾಕಿ. ನಿಮ್ಮ ಹೆಸರಿನಲ್ಲಿ ಅದೇ ರೂಮು ಕಾಣಿಸಿದ ಮೇಲೆಯೇ ಎರಡನೇ ಕಂತು. ದುಡ್ಡನ್ನು ಮಗನ ಅಥವಾ ಮಗಳ ಅಲ್ಲಿನ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿಸಿ, ಬ್ಯಾಂಕಿನಿಂದ ನೇರ ವರ್ಗಾವಣೆ ಬೇಡ. ಮೋಸವಾದರೆ ಕಾರ್ಡಿನ ಬ್ಯಾಂಕಿಗೆ ದೂರು ಕೊಟ್ಟು ಹಣ ವಾಪಸು ಕೇಳಬಹುದು, ವರ್ಗಾಯಿಸಿದ ದುಡ್ಡು ಹೋದದ್ದು ಹೋದಂತೆಯೇ. ಹೆಸರುಗಳು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ. ಇನಿಷಿಯಲ್ಲನ್ನು ಬಿಡಿಸಿ ಬರೆಯುವ ಗೊಂದಲ ನಮ್ಮವರದೇ ಹೆಚ್ಚು.

ರದ್ದು ಮಾಡಿದರೆ ಸಾಮಾನ್ಯವಾಗಿ ಹಣ ವಾಪಸಿಲ್ಲ. ಕಟುಕತನವಲ್ಲ, ಪಾಯಿಂಟಿನ ಗುಣವೇ ಹಾಗೆ. ಅದಕ್ಕೆ ವರ್ಷದ ಅವಧಿಯಿದೆ, ಮೀರಿದರೆ ಸತ್ತುಹೋಗುತ್ತದೆ. ಹೋಗುವ ದಿನಕ್ಕೆ 30 ದಿನದೊಳಗೆ ರದ್ದಾದರೆ ಆ ಪಾಯಿಂಟನ್ನು ಸದಸ್ಯರು ಮುಂದಿನ 60 ದಿನದೊಳಗಿನ ಬುಕಿಂಗಿಗೆ ಮಾತ್ರ ಬಳಸಬಹುದು, ಅಷ್ಟು ಹತ್ತಿರದ ದಿನಕ್ಕೆ ರೂಮು ಸಿಗುವುದು ಕಷ್ಟ. ಅದಕ್ಕೇ ವೀಸಾ ಮೊದಲು, ಕಂತು ಆಮೇಲೆ. ಪ್ರಯಾಣ ವಿಮೆ ಮಾಡಿಸುವಾಗ ಬಾಡಿಗೆ ಪಾಯಿಂಟಿನ ರೂಮಿಗೂ ಅದು ಅನ್ವಯಿಸುತ್ತದೆಯೇ ಎಂದು ಬರಹದಲ್ಲಿ ಕೇಳಿ. ಚಂಡಮಾರುತ ಬಂದರೆ ನಿಮಗೆ ಏನು ಸಿಗುತ್ತದೆ ಎಂಬುದನ್ನೂ ಕರಾರಿನಲ್ಲೇ ಬರೆಸಿಕೊಳ್ಳಿ.

ಒಂದೇ ಬುಕಿಂಗಿನಲ್ಲಿ ಎಲ್ಲ ರಾತ್ರಿ ಸಿಗದಿದ್ದರೆ ಎರಡು ರೂಮು ಸೇರಿಸಿ ಕೊಡುತ್ತೇವೆ ಎನ್ನುತ್ತಾರೆ. ಹಿರಿಯರಿದ್ದರೆ ಒಪ್ಪಬೇಡಿ. ಬೆಳಿಗ್ಗೆ 11ಕ್ಕೆ ಒಂದು ರೂಮು ಬಿಡಬೇಕು, ಇನ್ನೊಂದು ಸಿಗುವುದು ಸಂಜೆ 4ಕ್ಕೆ. ನಡುವಿನ ಐದು ಗಂಟೆ ಅಂಗಳದಲ್ಲೇ. 'ನೆಲಮಹಡಿ ಬೇಕು', 'ಲಿಫ್ಟಿನ ಹತ್ತಿರ ಬೇಕು', 'ಟಬ್ ಬೇಡ, ನಿಂತು ಸ್ನಾನ ಮಾಡುವ ಬಚ್ಚಲು ಬೇಕು' ಇಂಥ ಕೋರಿಕೆಗಳಲ್ಲಿ ಎರಡನ್ನಷ್ಟೇ ಬರೆಯಿಸಿ. ಪಟ್ಟಿ ಉದ್ದವಾದಷ್ಟೂ ನಡೆಯುವುದು ಕಡಿಮೆ. ನಡೆದೇ ನಡೆಯುತ್ತದೆಂಬ ಖಾತರಿಯಂತೂ ಇಲ್ಲ.

ಪೆಟ್ಟಿಗೆಯಲ್ಲಿ ಏನಿರಲಿ, ಏನು ಬೇಡ

ಹುರಿದ ಕಾಫಿಪುಡಿ, ಸಾರಿನ ಪುಡಿ, ಹುಳಿಪುಡಿ, ಹಪ್ಪಳ ಇವು ನಡೆಯುತ್ತವೆ. ಅಕ್ಕಿ ಬೇಡ, ಇಡೀ ಕಡಲೆ, ಅಲಸಂದೆ ಬೇಡ. ಖಾಪ್ರಾ ಎಂಬ ಧಾನ್ಯದ ಹುಳುವಿನ ಭಯಕ್ಕೆ ಭಾರತದಂಥ ದೇಶಗಳಿಂದ ಪ್ರಯಾಣಿಕರು ಇವನ್ನು ತರುವುದನ್ನು ಅಮೆರಿಕ ತಡೆದಿದೆ. ಹಸಿ ಕರಿಬೇವಂತೂ ಸುತರಾಂ ಬೇಡ. ಕರಿಬೇವು ಕಿತ್ತಳೆ ಜಾತಿಗೆ ನೆಂಟ. ಎಲೆಯಲ್ಲಿ ಕೂತ ಸಣ್ಣ ಕೀಟ ಫ್ಲೋರಿಡಾದ ಕಿತ್ತಳೆ ತೋಟಗಳಿಗೆ ರೋಗ ಹರಡುತ್ತದೆ. ತೋಟದವರಿಗೆ ಈ ಆತಂಕ ಅರ್ಥವಾಗುತ್ತದೆ. ತಿನ್ನುವ ಪದಾರ್ಥ ಏನೇ ಇರಲಿ, ಕಸ್ಟಮ್ಸಿನಲ್ಲಿ ಕೇಳಿದಾಗ ಇದೆ ಎಂದೇ ಹೇಳಿ. ಹೇಳಿದರೆ ಹೆಚ್ಚೆಂದರೆ ಕಿತ್ತಿಟ್ಟುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ. ಸೋನಾ ಮಸೂರಿ, ತೊಗರಿಬೇಳೆ, ತುಪ್ಪ ಎಲ್ಲವೂ ಒರ್ಲಾಂಡೋದ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ.

ಇಲ್ಲಿನ ಮಿಕ್ಸಿ ಒಯ್ಯಬೇಡಿ. ಅಲ್ಲಿನ ವಿದ್ಯುತ್ತು 120 ವೋಲ್ಟ್, ನಮ್ಮದು 230. ಪಿನ್ನು ಬದಲಿಸಿದರೂ ಮೋಟಾರು ಹೂಂ ಎಂದು ನರಳುತ್ತದೆಯೇ ಹೊರತು ಕಾಯಿ ನುಣ್ಣಗಾಗುವುದಿಲ್ಲ. ಫೋನಿನ ಚಾರ್ಜರಿಗೆ ಪಿನ್ನು ಬದಲಿಸಿದರೆ ಸಾಕು. ಸ್ಟೀಲಿನ ಕಾಫಿ ಫಿಲ್ಟರ್, ಚಪ್ಪಟೆ ತಳದ ಮೂರು ಲೀಟರಿನ ಕುಕ್ಕರ್, ಒಂದು ಪ್ಲಾಸ್ಟಿಕ್ ಚೊಂಬು ಇರಲಿ.

ರೂಮಿನ ಒಳಗೆ

ಅಲ್ಲಿನ ಒಲೆಯಲ್ಲಿ ಉರಿ ಕಾಣುವುದಿಲ್ಲ. ನುಣುಪು ಗಾಜಿನ ಹಲಗೆ, ಕೆಳಗೆ ಕಾಯುವ ಸುರುಳಿ. ಗುಂಡು ತಳದ ಬಾಣಲೆ ಅದರ ಮೇಲೆ ಕಾಯದು. ಕಬ್ಬಿಣದ ಕಾವಲಿಯನ್ನು ಎಳೆದಾಡಿದರೆ ಗೀರು ಬೀಳುತ್ತದೆ. ಆರಿಸಿದ ಮೇಲೂ ಹತ್ತು ನಿಮಿಷ ಬಿಸಿಯಿರುತ್ತದೆ, ಕೆಂಪು ದೀಪ ಆರುವವರೆಗೆ ಕೈ ಇಡಬೇಡಿ.

ಗೋಳು ಬರುವುದು ಒಗ್ಗರಣೆಯಲ್ಲಿ. ಚಾವಣಿಯ ಹೊಗೆ ಗಂಟೆಗೆ ನಮ್ಮ ಒಣಮೆಣಸಿನ ಘಾಟು ಬೆಂಕಿಯಂತೆಯೇ ಕಾಣುತ್ತದೆ. ಮೊದಲು ಒಲೆಯ ಮೇಲಿನ ಫ್ಯಾನು ಜೋರಾಗಿ ಹಾಕಿ. ಗುಂಡಿಯನ್ನು ನಡುವಿಗಿಂತ ಕೆಳಗೇ ಇಡಿ. ಈ ಒಲೆ ನಿಧಾನಕ್ಕೆ ಕಾಯುತ್ತದೆಂದು ಪೂರ್ತಿ ತಿರುಗಿಸಿದರೆ ಎಣ್ಣೆ ಒಮ್ಮೆಲೇ ಹೊಗೆಯಾಡುತ್ತದೆ. ಎರಡು ಚಮಚ ಎಣ್ಣೆ, ಸಾಸಿವೆ, ಮೇಲೆ ಮುಚ್ಚಳ. ಚಟಪಟ ನಿಂತ ಕೂಡಲೇ ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಿ, ಆಮೇಲೆ ಇಂಗು, ಮುರಿದ ಮೆಣಸಿನಕಾಯಿ. ಇಳಿಸಿದ ಎಣ್ಣೆಯ ಬಿಸಿಯಲ್ಲೇ ಅವು ಕೆಂಪಾಗುತ್ತವೆ. ಒಲೆ ಆರಿಸಿ ಪಾತ್ರೆಯನ್ನು ಅಲ್ಲೇ ಬಿಟ್ಟರೆ ಪ್ರಯೋಜನವಿಲ್ಲ, ಗಾಜು ಇನ್ನೂ ಕಾಯಿಸುತ್ತಲೇ ಇರುತ್ತದೆ. ಊದುಬತ್ತಿ, ಕರ್ಪೂರ, ದೀಪ ಹಚ್ಚುವ ಹಾಗಿಲ್ಲ. ದೇವರಿಗೆ ಕೈಮುಗಿದರೆ ಸಾಕು.

ಸ್ಟುಡಿಯೋದಲ್ಲಿ ಕಾಫಿಯ ಉಪಾಯ ಬೇರೆ. ಯಂತ್ರದ ಬಿಸಿನೀರು ನಮ್ಮ ಫಿಲ್ಟರಿಗೆ ಸಾಲದು, ಡಿಕಾಕ್ಷನ್ ನೀರುನೀರಾಗುತ್ತದೆ. ಗಾಜಿನ ಲೋಟದಲ್ಲಿ 150 ಮಿ.ಲೀ. ನೀರಿಟ್ಟು, ಒಳಗೊಂದು ಮರದ ಕಡ್ಡಿ ಹಾಕಿ, ಮೈಕ್ರೋವೇವಿನಲ್ಲಿ ಎರಡು ನಿಮಿಷ ಕಾಯಿಸಿ. ಕಡ್ಡಿ ಇಲ್ಲದಿದ್ದರೆ ಕುದಿಯದಂತೆ ಸುಮ್ಮನಿದ್ದ ನೀರು ಮುಟ್ಟಿದೊಡನೆ ಸಿಡಿಯುವುದುಂಟು. ಫಿಲ್ಟರಿಗೆ ಮೂರು ತುಂಬು ಚಮಚ ಪುಡಿ, ಮೆಲ್ಲಗೆ ಒತ್ತಿ, ಮೊದಲು ಪುಡಿ ನೆನೆಯುವಷ್ಟೇ ನೀರು, ಅರ್ಧ ನಿಮಿಷ ಬಿಟ್ಟು ಉಳಿದದ್ದು. ಕಾಲು ಗಂಟೆಗೆ ಗಟ್ಟಿ ಡಿಕಾಕ್ಷನ್. ಸ್ಟೀಲಿನ ಫಿಲ್ಟರ್, ಲೋಟಗಳನ್ನು ಮೈಕ್ರೋವೇವಿಗೆ ಇಡಬೇಡಿ, ಕಿಡಿ ಹಾರುತ್ತದೆ. ಅನ್ನವೂ ಅದರಲ್ಲೇ ಆಗುತ್ತದೆ: ಕಾಲು ಗಂಟೆ ನೆನೆಸಿದ ಒಂದು ಕಪ್ ಅಕ್ಕಿಗೆ ಎರಡು ಕಪ್ ನೀರು, ಅಕ್ಕಿಯ ನಾಲ್ಕು ಪಟ್ಟು ದೊಡ್ಡ ಬೋಗುಣಿ. ಚಿಕ್ಕದಾದರೆ ಗಂಜಿ ಉಕ್ಕಿ ತಟ್ಟೆಯೆಲ್ಲ ಅಂಟು. ತೆರೆದಿಟ್ಟು ಹತ್ತು ನಿಮಿಷ, ಕಾವು ತಗ್ಗಿಸಿ ಮುಚ್ಚಿ ಐದು ನಿಮಿಷ, ಆರಿಸಿ ಇನ್ನೈದು. ಉಳಿದರೆ ಚಿತ್ರಾನ್ನ ಮಾಡಿ ಪಾರ್ಕಿಗೇ ಒಯ್ಯಿರಿ; ಹೊರಗಿನ ತಿಂಡಿಗೆ ಅಡ್ಡಿಯಿಲ್ಲ, ಗಾಜಿನ ಪಾತ್ರೆ ಮಾತ್ರ ಬಿಡುವುದಿಲ್ಲ. ಕುಡಿಯುವ ತಣ್ಣೀರನ್ನು ಪಾರ್ಕಿನ ಕೌಂಟರ್ ಹೋಟೆಲುಗಳಲ್ಲಿ ಕೇಳಿದರೆ ಬಿಟ್ಟಿ ಕೊಡುತ್ತಾರೆ.

ಬಚ್ಚಲಿನ ವಿಚಾರ ಹಿರಿಯರಿಗೆ ಮೊದಲ ದಿನವೇ ತೋರಿಸಿಕೊಡಬೇಕು. ಟಬ್ಬಿನ ಹೊರಗಿನ ನೆಲಕ್ಕೆ ನೀರು ಹೋಗುವ ಮೋರಿಯಿಲ್ಲ. ಹಂಡೆ ನೀರಿನ ಅಭ್ಯಾಸದಲ್ಲಿ ಹೊರಗೆ ಎರಡು ಚೊಂಬು ಹುಯ್ದರೆ ನೀರು ನಿಂತು ಕೆಳಗಿನ ಮನೆಗೆ ಇಳಿಯುತ್ತದೆ, ಜಾರಿ ಬೀಳುವ ಭಯ ಬೇರೆ. ಪರದೆಯ ಅಂಚು ಟಬ್ಬಿನ ಒಳಗೇ ಇರಬೇಕು, ಹೊರಗೊಂದು ದಪ್ಪ ಟವೆಲ್ ಹಾಸಿರಬೇಕು.

ಪಾತ್ರೆ ತೊಳೆಯುವ ಯಂತ್ರಕ್ಕೆ ಅದರದೇ ಪುಡಿ ಅಥವಾ ಗುಳಿಗೆ ಹಾಕಿ. ಸಿಂಕಿನ ಪಕ್ಕದ ದ್ರವದ ಸೋಪು ಹಾಕಿದರೆ ಅರ್ಧ ಗಂಟೆಗೆ ಅಡುಗೆಮನೆ ತುಂಬ ನೊರೆ. ಸಿಂಕಿನೊಳಗಿನ ಅರೆಯುವ ಯಂತ್ರಕ್ಕೆ ಅನ್ನ, ಕಾಯಿಚರಟ, ಕಾಫಿ ಗಸಿ ಬೇಡ, ಕಟ್ಟಿಕೊಳ್ಳುತ್ತದೆ.

ದಿನಾ ಕಸ ಗುಡಿಸಲು ಯಾರೂ ಬರುವುದಿಲ್ಲ. ಟೈಮ್‌ಶೇರ್ ರೂಮಿಗೂ ಹೋಟೆಲಿಗೂ ಇರುವ ದೊಡ್ಡ ವ್ಯತ್ಯಾಸವೇ ಇದು. ಎಂಟು ರಾತ್ರಿಗಿಂತ ಕಡಿಮೆ ಇದ್ದರೆ ನಾಲ್ಕನೇ ದಿನ ಕಸ ಒಯ್ದು ಹೊಸ ಟವೆಲ್ ಕೊಡುತ್ತಾರೆ, ಅಷ್ಟೇ. ಅದಕ್ಕೂ ಮುಂಚೆ ಬೇಕಿದ್ದರೆ ಹಣ ಕೊಡಬೇಕು. ಸ್ಟುಡಿಯೋದವರಿಗೆ ಬಟ್ಟೆಯ ಯಂತ್ರ ರೆಸಾರ್ಟಿನ ಸಾಮೂಹಿಕ ಕೋಣೆಯಲ್ಲಿರುತ್ತದೆ. ಬಾಲ್ಕನಿಯಲ್ಲಿ ಸೀರೆ, ಪಂಚೆ ಒಣಹಾಕಿದರೆ ತೆಗೆಯಲು ಹೇಳುತ್ತಾರೆ.

ಹೊರಡುವ ದಿನ 11ರೊಳಗೆ ರೂಮು ಖಾಲಿ ಮಾಡಬೇಕು. ವಿಮಾನ ಸಂಜೆಗಿದ್ದರೆ ಪೆಟ್ಟಿಗೆಗಳನ್ನು ಬೆಲ್ ಸರ್ವೀಸಿನವರಿಗೆ ಒಪ್ಪಿಸಿ ಚೀಟಿ ಪಡೆಯಿರಿ. ಈಜುಕೊಳ, ಅಂಗಳ ಎಲ್ಲ ಆಮೇಲೂ ಬಳಸಬಹುದು. ಹಿಂದಿನ ರಾತ್ರಿಯೇ ಫ್ರಿಜ್ಜಿನ ಮೊಸರು ಮುಗಿಸಿ, ಫಿಲ್ಟರ್ ತೊಳೆದು ಒರೆಸಿ ಪೆಟ್ಟಿಗೆಗೆ ಹಾಕಿಕೊಳ್ಳಿ. ಮರೆತು ಬರುವ ಸಾಮಾನಿನಲ್ಲಿ ಅದರದ್ದೇ ಮೊದಲ ಸ್ಥಾನ, ತಿರುಗಿ ತರಿಸಲು ಆಗುವ ಅಂಚೆ ಖರ್ಚಿಗೆ ಚಿಕ್ಕಮಗಳೂರಿನ ಮಾರ್ಕೆಟ್ ರಸ್ತೆಯಲ್ಲಿ ಹೊಸದೇ ಬರುತ್ತದೆ.